ದವಡೆ ಕೀಲುನೋವಿಗೆ ದಂತ ಕಾಲೇಜಿನಲ್ಲಿ ಮಾಡಿಸಿದ ಸ್ಪ್ಲಿಂಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಕಳೆದ ಹದಿನಾಲ್ಕು ತಿಂಗಳಿಂದ ರಾತ್ರಿ ಮಲಗುವಾಗ ಮೇಲಿನ ಹಲ್ಲುಸಾಲಿಗೆ ತೊಟ್ಟುಕೊಳ್ಳುತ್ತಿರುವ, ಗಾಜಿನಂತೆ ಪಾರದರ್ಶಕವಾದ, ಸುಮಾರು 2 ಮಿಲಿಮೀಟರ್ ದಪ್ಪದ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟಿನ ಬಗ್ಗೆಯೂ, ಅದನ್ನು ಮಾಡಿಕೊಟ್ಟ ನಮ್ಮ ಜಿಲ್ಲಾ ಕೇಂದ್ರದ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದ ಸೇವೆಯ ಬಗ್ಗೆಯೂ ಇಲ್ಲಿ ಬರೆಯುತ್ತಿದ್ದೇನೆ. ದವಡೆ ಕೀಲಿನ ನೋವಿನಿಂದ ಬಳಲುವ ಬಹಳಷ್ಟು ಜನ ಮೊದಲು ಹುಡುಕುವುದು ಇಂಥದೊಂದು ಸಾಧನವನ್ನೇ. ನಾನೂ ಹಾಗೆಯೇ ಹುಡುಕಿದೆ, ಅವಸರದಲ್ಲಿ ತಪ್ಪಾದದ್ದನ್ನು ಕೊಂಡೂ ನೋಡಿದೆ. ಸ್ಪ್ಲಿಂಟ್ ಕೊಟ್ಟ ದುಡ್ಡಿಗೆ ತಕ್ಕಷ್ಟು ಕೆಲಸ ಮಾಡಿದೆ ಎಂದು ಧಾರಾಳವಾಗಿ ಹೇಳಬಲ್ಲೆ. ಆದರೆ ನನ್ನ ನೋವು ಇಳಿದುದರಲ್ಲಿ ಹೆಚ್ಚಿನ ಪಾಲು ಮೊದಲ ದಿನ ಅಲ್ಲಿ ನಡೆದ ಮುಕ್ಕಾಲು ಗಂಟೆಯ ತಪಾಸಣೆಗೆ ಮತ್ತು ಅಂದು ಕಲಿಸಿಕೊಟ್ಟ ಕೆಲವು ಅಭ್ಯಾಸಗಳಿಗೆ ಸಲ್ಲಬೇಕು. ಈ ಬರಹದಲ್ಲಿ ಸ್ಪ್ಲಿಂಟಿಗಿಂತ ತಪಾಸಣೆಗೇ ಹೆಚ್ಚು ಜಾಗ ಸಿಕ್ಕಿದ್ದರೆ ಅದಕ್ಕೆ ಕಾರಣ ಅದು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ, ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿದ್ದಾಗ, ಬೆಳಿಗ್ಗೆ ಏಳುವ ಹೊತ್ತಿಗೆ ನನ್ನ ಎರಡೂ ಕೆನ್ನೆಗಳು ರಾತ್ರಿಯೆಲ್ಲ ಕಬ್ಬು ಸಿಗಿದು ತಿಂದವರ ಕೆನ್ನೆಗಳಂತೆ ಬಿಗಿದುಕೊಂಡಿರುತ್ತಿದ್ದವು. ಸಂಜೆಯಾದರೆ ಕಣತಲೆಗಳಲ್ಲಿ ಮಂದವಾದ ನೋವು, ಎಡಗಿವಿಯೊಳಗೆ ಹತ್ತಿ ತುರುಕಿದಂಥ ಭಾರ, ಆಕಳಿಸಿದರೆ ಅದೇ ಕಿವಿಯ ಮುಂದೆ ಕಟಕ್ ಎಂಬ ಸದ್ದು. ಸದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ಮಗಳಿಗೂ ಕೇಳಿಸುತ್ತಿತ್ತು. ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದವಡೆ ಅರ್ಧಕ್ಕೇ ಸಿಕ್ಕಿಕೊಂಡು, ಎರಡು ಬೆರಳಿಗಿಂತ ಹೆಚ್ಚು ಬಾಯಿ ತೆರೆಯಲು ಬಾರದೆ, ಮಧ್ಯಾಹ್ನದವರೆಗೆ ಗಂಜಿಯನ್ನಷ್ಟೇ ಕುಡಿದು ಕುಳಿತೆ. ಮಧ್ಯಾಹ್ನ ಅದು ತಾನಾಗಿಯೇ ಬಿಟ್ಟುಕೊಂಡಿತು. ಆ ದಿನದ ಹೆದರಿಕೆ ಮಾತ್ರ ಬಹಳ ದಿನ ಬಿಡಲಿಲ್ಲ.

ಕಿವಿಯ ವೈದ್ಯರು ನೋಡಿ ಕಿವಿಯಲ್ಲಿ ದೋಷವಿಲ್ಲ ಎಂದರು. ಎಡಮೇಲ್ಭಾಗದ ದವಡೆ ಹಲ್ಲಿನಲ್ಲೂ ನೋವು ಕಾಣುತ್ತಿದ್ದುದರಿಂದ ಒಂದು ಖಾಸಗಿ ದಂತ ಚಿಕಿತ್ಸಾಲಯಕ್ಕೆ ಹೋದೆ. ಆ ಹಲ್ಲಿನ ಹಳೆಯ ಫಿಲ್ಲಿಂಗಿನ ಅಡಿಯಲ್ಲಿ ಸಮಸ್ಯೆಯಿರಬಹುದೆಂದು ರೂಟ್ ಕೆನಾಲ್ ಮಾಡಿದರು. ಎರಡು ಭೇಟಿಗಳಲ್ಲಿ ಗಂಟೆಗಟ್ಟಲೆ ಬಾಯಿ ತೆರೆದುಕೊಂಡು ಮಲಗಿದ್ದರಿಂದ ದವಡೆ ಮೊದಲಿಗಿಂತಲೂ ಹೆಚ್ಚು ನೋಯತೊಡಗಿತು, ಹಲ್ಲಿನ ನೋವೂ ಹೋಗಲಿಲ್ಲ. ಆ ಚಿಕಿತ್ಸಾಲಯದ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ನೋವು ಹಲ್ಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿದವಳು ನಾನೇ. ಆದರೂ ಕೆನ್ನೆಯ ಸ್ನಾಯುವನ್ನು ಯಾರಾದರೂ ಅಂದೇ ಒಮ್ಮೆ ಒತ್ತಿ ನೋಡಿದ್ದರೆ ಒಂದು ಹಲ್ಲಿನ ಜೀವ ಉಳಿಯುತ್ತಿತ್ತೇನೋ ಎಂಬ ನೋವು ಇಂದಿಗೂ ಇದೆ.

ಮುಂದಿನ ತಪ್ಪು ಆನ್‌ಲೈನ್‌ನಲ್ಲಿ ಕೊಂಡ ನೈಟ್ ಗಾರ್ಡ್. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಾಯಲ್ಲಿಟ್ಟು ಕಚ್ಚಿದರೆ ನಮ್ಮ ಹಲ್ಲಿನ ಅಚ್ಚಿಗೆ ಹೊಂದಿಕೊಳ್ಳುತ್ತದೆ ಎನ್ನುವ, ರಬ್ಬರಿನಂಥ ಪ್ಲಾಸ್ಟಿಕ್ಕಿನ ವಸ್ತು ಅದು. ಐನೂರು ರೂಪಾಯಿಗೂ ಕಡಿಮೆ ಬೆಲೆ. ಹಲ್ಲು ಸವೆಯದಂತೆ ತಡೆಯುವ ಮಟ್ಟಿಗೆ ಅದು ಉಪಯೋಗಕ್ಕೆ ಬರಬಹುದು. ನನಗಾದ ಅನುಭವ ಬೇರೆ. ಮೆತ್ತಗಿನ ವಸ್ತು ಹಲ್ಲುಗಳ ನಡುವೆ ಸಿಕ್ಕಾಗ ದವಡೆ ಅದನ್ನು ಜಗಿಯಲು ಹೊರಡುತ್ತದೆ. ಹತ್ತನೆಯ ದಿನದ ಹೊತ್ತಿಗೆ ಬೆಳಗಿನ ಬಿಗಿತ ಇಮ್ಮಡಿಯಾಗಿತ್ತು, ಗಾರ್ಡಿನ ಹಿಂಬದಿಯಲ್ಲಿ ಕಚ್ಚಿದ ಗುರುತುಗಳು ತೂತಾಗುವಷ್ಟು ಆಳಕ್ಕೆ ಇಳಿದಿದ್ದವು. ಮೆದು ಗಾರ್ಡ್ ಕೆಲವರಲ್ಲಿ ರಾತ್ರಿ ಹಲ್ಲು ಕಚ್ಚುವುದನ್ನು ಹೆಚ್ಚಿಸಬಲ್ಲದು ಎಂದು ಆಮೇಲೆ ಕಾಲೇಜಿನಲ್ಲಿ ಹೇಳಿದರು. ಮುಂದಿನ ಹಲ್ಲುಗಳಿಗೆ ಮಾತ್ರ ಕೂರುವ ಚಿಕ್ಕ ಗಾರ್ಡುಗಳನ್ನಂತೂ ವೈದ್ಯರ ನಿಗಾ ಇಲ್ಲದೆ ಬಳಸಲೇಬಾರದು, ಬಹುಕಾಲ ತೊಟ್ಟರೆ ಆಸರೆ ಸಿಗದ ಹಿಂದಿನ ಹಲ್ಲುಗಳು ಮೆಲ್ಲನೆ ಜರುಗಿ ಕಚ್ಚುವ ಹೊಂದಿಕೆಯೇ ಕೆಡಬಹುದು ಎಂದೂ ತಿಳಿಸಿದರು.

ಕಾಲೇಜಿಗೆ ಹೋದದ್ದು ಡಿಸೆಂಬರಿನಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ. ಹೆಸರು ಬರೆಸಿ, ಚೀಟಿ ಮಾಡಿಸಿದ ಮೇಲೆ ನನ್ನನ್ನು ಓರಲ್ ಮೆಡಿಸಿನ್ ವಿಭಾಗಕ್ಕೆ ಕಳಿಸಿದರು. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಎದುರು ಕುಳಿತು, ಕಳೆದ 30 ದಿನಗಳಲ್ಲಿ ನೋವು ಎಷ್ಟು ಸಲ ಬಂತು, ಜಗಿದಾಗ ಹೆಚ್ಚುತ್ತದೆಯೇ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ದವಡೆ ಎಂದಾದರೂ ಸಿಕ್ಕಿಕೊಂಡಿತ್ತೇ, ನಿದ್ರೆ ಹೇಗಿದೆ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ, ಎಂದಾದರೂ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತೇ ಎಂದೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಮಾತ್ರೆಗಳ ಪ್ರಶ್ನೆ ಏಕೆಂದು ಕೇಳಿದ್ದಕ್ಕೆ, ಖಿನ್ನತೆಗೆ ಕೊಡುವ ಕೆಲವು ಔಷಧಗಳಿಂದಲೂ ಹಲ್ಲು ಕಚ್ಚುವ ಪ್ರವೃತ್ತಿ ಬರಬಹುದು ಎಂದರು. ಮನೆಯಲ್ಲಿ ಯಾವುದಾದರೂ ಚಿಂತೆಯಿದೆಯೇ ಎಂಬ ಪ್ರಶ್ನೆಯನ್ನು ಅವರು ಕೇಳಿದ ರೀತಿಯಲ್ಲಿ ಒಂದು ಘನತೆಯಿತ್ತು. ನಿಮ್ಮ ನೋವು ಮನಸ್ಸಿನ ಭ್ರಮೆ ಎಂಬ ಸೂಚನೆ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ, ಆದ್ದರಿಂದಲೇ ನಾನು ಮುಚ್ಚಿಡದೆ ಉತ್ತರಿಸಿದೆ.

ಅನಂತರ ಅಳತೆ. ನೋವಾಗದಂತೆ ಎಷ್ಟು ತೆರೆಯಬಲ್ಲಿರಿ ಎಂದು ಕೇಳಿ, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಸ್ಕೇಲ್ ಇಟ್ಟು ನೋಡಿದರು: 31 ಮಿಲಿಮೀಟರ್. ನೋವನ್ನು ಲೆಕ್ಕಿಸದೆ ತೆರೆದಾಗ 40 ಆಯಿತು. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರಿನಷ್ಟು ಬಾಯಿ ತೆರೆಯುತ್ತದೆ. ಮನೆಯಲ್ಲಿ ನೋಡಿಕೊಳ್ಳಬೇಕಾದರೆ ತಮ್ಮದೇ ಕೈಯ ಮೂರು ಬೆರಳುಗಳು ನಿಲುವಾಗಿ ಹಿಡಿಸಬೇಕು ಎಂಬುದು ಸ್ಥೂಲ ಲೆಕ್ಕ. ಬಾಯಿ ತೆರೆಯುವಾಗ ನನ್ನ ಗದ್ದ ಮೊದಲು ಎಡಕ್ಕೆ ವಾಲಿ, ಕಟಕ್ ಎಂದ ಮೇಲೆ ಮತ್ತೆ ನಡುವಿಗೆ ಬರುತ್ತಿತ್ತು. ಅವರು ಕೈಗನ್ನಡಿ ಕೊಟ್ಟು ಅದನ್ನು ತೋರಿಸಿದರು. ಇಷ್ಟು ವರ್ಷ ಕನ್ನಡಿ ನೋಡಿಕೊಂಡವಳಿಗೆ ಅದು ಕಂಡೇ ಇರಲಿಲ್ಲ.

ಆ ಸದ್ದಿನ ಕಾರಣವನ್ನು ಅವರು ವಿವರಿಸಿದ್ದು ಹೀಗೆ. ಕೆಳದವಡೆಯ ಮೂಳೆಯ ಗುಂಡುತುದಿ ಕಿವಿಯ ಮುಂದೆ ತಲೆಬುರುಡೆಯ ಒಂದು ಗುಳಿಯಲ್ಲಿ ಕೂತಿರುತ್ತದೆ, ಎರಡರ ನಡುವೆ ನಾರಿನಿಂದಾದ ತೆಳ್ಳನೆಯ ಬಿಲ್ಲೆಯೊಂದಿರುತ್ತದೆ. ಬಾಯಿ ತೆರೆಯಲು ಆರಂಭಿಸಿದಾಗ ಗುಂಡುತುದಿ ಗುಳಿಯಲ್ಲೇ ತಿರುಗುತ್ತದೆ, ಇನ್ನಷ್ಟು ತೆರೆದಾಗ ಬಿಲ್ಲೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮುಂದಕ್ಕೆ ಜಾರುತ್ತದೆ. ಮೊಣಕೈಯಂತೆ ಬರಿಯ ಮಡಚುವ ಕೀಲು ಇದಲ್ಲ. ತಿರುಗುವುದು, ಜಾರುವುದು ಎರಡೂ ಇಲ್ಲಿವೆ, ಮೇಲಾಗಿ ಎಡಬಲದ ಎರಡು ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದನ್ನು ಬಿಟ್ಟು ಇನ್ನೊಂದು ಅಲ್ಲಾಡಲಾರದು. ನನ್ನ ಎಡಗಡೆಯ ಬಿಲ್ಲೆ ತನ್ನ ಜಾಗದಿಂದ ಮುಂದಕ್ಕೆ ಸರಿದಿದೆ. ಬಾಯಿ ತೆರೆಯುವಾಗ ಮೂಳೆ ಅದರ ಅಂಚನ್ನು ದಾಟಿ ಮತ್ತೆ ಅಡಿಗೆ ಸೇರಿಕೊಳ್ಳುವ ಕ್ಷಣದಲ್ಲಿ ಆ ಸದ್ದು ಬರುತ್ತದೆ, ದಾಟಲಾಗದೆ ಹೋದ ದಿನ ದವಡೆ ಸಿಕ್ಕಿಕೊಳ್ಳುತ್ತದೆ. ಭಾನುವಾರದ ಆ ಬೆಳಿಗ್ಗೆ ಆದದ್ದು ಅದೇ. ನೋವಿಲ್ಲದ ಬರಿಯ ಕಟಕ್ ಸದ್ದು ಎಷ್ಟೋ ಆರೋಗ್ಯವಂತರಲ್ಲಿ ಇರುತ್ತದೆ, ಅದಕ್ಕೆ ಯಾವ ಚಿಕಿತ್ಸೆಯೂ ಬೇಕಾಗಿಲ್ಲ ಎಂದು ಅವರು ಎರಡು ಸಲ ಒತ್ತಿ ಹೇಳಿದರು.

ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ತಿರುವು ಬಂದದ್ದು ಅದರ ನಂತರದ ಐದು ನಿಮಿಷಗಳಲ್ಲಿ. ಕಣತಲೆಯಿಂದ ಶುರುಮಾಡಿ ಕೆನ್ನೆಯ ದಪ್ಪ ಸ್ನಾಯುವಿನವರೆಗೆ ಒಂದೊಂದೇ ಜಾಗವನ್ನು ಬೆರಳಿನಿಂದ ಹದವಾಗಿ ಒತ್ತಿ, ಪ್ರತಿ ಸಲವೂ ಎರಡು ಪ್ರಶ್ನೆ ಕೇಳುತ್ತಿದ್ದರು: ನೋವಾಯಿತೇ, ಆಗಿದ್ದರೆ ಇದು ನಿಮಗೆ ದಿನವೂ ಬರುವ ಅದೇ ನೋವೇ? ಎಡಗೆನ್ನೆಯ ನಡುವೆ, ಹಲ್ಲು ಕಚ್ಚಿದಾಗ ಉಬ್ಬಿ ನಿಲ್ಲುವ ಮ್ಯಾಸೆಟರ್ ಸ್ನಾಯುವಿನ ಒಂದು ಬಿಂದುವನ್ನು ಒತ್ತಿ ಹಿಡಿದಾಗ, ನರವನ್ನೇ ತೆಗೆದುಹಾಕಿದ್ದ ಆ ರೂಟ್ ಕೆನಾಲ್ ಹಲ್ಲು ನೋಯಿತು. ಸತ್ತ ಹಲ್ಲು ನೋಯುವುದು ಹೇಗೆ ಎಂದು ನಾನು ಗಾಬರಿಯಿಂದ ಕೇಳಿದೆ. ನೋವು ಹುಟ್ಟುತ್ತಿರುವುದು ಸ್ನಾಯುವಿನಲ್ಲಿ, ಮಿದುಳು ಅದನ್ನು ಹಲ್ಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದೆ ಎಂದರು. ಮುಖದ ಈ ಭಾಗಗಳಿಗೆಲ್ಲ ಟ್ರೈಜೆಮಿನಲ್ ಎಂಬ ಒಂದೇ ನರದ ಕವಲುಗಳು ಹೋಗುವುದರಿಂದ ಕಿವಿ, ಹಲ್ಲು, ಕಣತಲೆ, ದವಡೆಗಳ ನೋವುಗಳು ಹೀಗೆ ಒಂದರ ವಿಳಾಸಕ್ಕೆ ಇನ್ನೊಂದು ಬಂದು ಸೇರುತ್ತವಂತೆ. ಎಂಟು ತಿಂಗಳ ನನ್ನ ಅಲೆದಾಟದ ಅರ್ಥ ಆ ಒಂದು ಬೆರಳೊತ್ತಿಗೆ ಬಿಡಿಸಿಕೊಂಡಿತು.

ಹಿರಿಯ ಪ್ರಾಧ್ಯಾಪಕರು ಬಂದು ಮತ್ತೊಮ್ಮೆ ನೋಡಿ, ಮುಖ್ಯವಾಗಿ ಸ್ನಾಯುಗಳ ನೋವು, ಜೊತೆಗೆ ಎಡಗೀಲಿನಲ್ಲಿ ಸರಿದ ಬಿಲ್ಲೆ ಎಂದು ಬರೆದರು. ದವಡೆಗಳ ಉದ್ದಗಲಕ್ಕೂ ಒಂದು ಎಕ್ಸ್-ರೇ ಮಾತ್ರ ತೆಗೆಸಿದರು. ಅದರಲ್ಲಿ ಮೂಳೆ ಕಾಣುತ್ತದೆ, ಬಿಲ್ಲೆ ಕಾಣುವುದಿಲ್ಲ. ಬಿಲ್ಲೆಯನ್ನು ನೋಡಲು ಎಂಆರ್‌ಐ ಬೇಕು, ಆದರೆ ಅದರ ಫಲಿತಾಂಶ ಈಗಿನ ಚಿಕಿತ್ಸೆಯನ್ನು ಬದಲಿಸುವುದಿಲ್ಲವಾದ್ದರಿಂದ ಆ ಖರ್ಚು ಬೇಡ ಎಂದರು. ರೋಗಿಗೆ ಒಂದು ಪರೀಕ್ಷೆ ಬೇಡವೆಂದು ಕಾರಣ ಕೊಟ್ಟು ಹೇಳುವ ವೈದ್ಯರನ್ನು ಕಂಡರೆ ನನಗೆ ವಿಶೇಷ ಗೌರವ.

ಕಾರಣವೇನೆಂಬ ಪ್ರಶ್ನೆಗೆ ಅವರು ಒಂದೇ ಉತ್ತರ ಕೊಡಲಿಲ್ಲ, ಮತ್ತು ಅದು ಸರಿ ಎಂದು ಈಗ ಅನ್ನಿಸುತ್ತದೆ. 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಈ ಲಕ್ಷಣಗಳನ್ನು ಒಟ್ಟುಗೂಡಿಸಿ ಬರೆದಾಗ, ಹಿಂದಿನ ಹಲ್ಲುಗಳು ಹೋಗಿ ಕಚ್ಚುವ ಹೊಂದಿಕೆ ಕೆಟ್ಟದ್ದೇ ಮೂಲವೆಂದು ಭಾವಿಸಿದ್ದರು. ದಶಕಗಳ ಕಾಲ ಜಗತ್ತಿನೆಲ್ಲೆಡೆ ಹಲ್ಲುಗಳನ್ನು ಉಜ್ಜಿ ಸಮ ಮಾಡುವ ಚಿಕಿತ್ಸೆ ಆ ನಂಬಿಕೆಯ ಮೇಲೆ ನಡೆಯಿತು. ಈಗಿನ ತಿಳಿವಳಿಕೆಯ ಪ್ರಕಾರ ಹಲವು ಸಂಗತಿಗಳು ಕೂಡಿ ಈ ನೋವು ಬರುತ್ತದೆ: ಹಗಲಿನಲ್ಲಿ ಅರಿವಿಲ್ಲದೆ ಹಲ್ಲು ಕಚ್ಚುವುದು, ರಾತ್ರಿ ಮಸೆಯುವುದು, ಗದ್ದಕ್ಕೆ ಬಿದ್ದ ಪೆಟ್ಟು, ಬಹಳ ಹೊತ್ತು ಬಾಯಿ ತೆರೆದಿರಬೇಕಾದ ಚಿಕಿತ್ಸೆ, ಸಂಧಿವಾತ, ಅತಿಯಾಗಿ ಸಡಿಲವಿರುವ ಕೀಲುಗಳು, ಕೆಟ್ಟ ನಿದ್ರೆ, ಬಿಡದ ಒತ್ತಡ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಹೆಚ್ಚು, ಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಅಧಿಕ. ನನ್ನ ವಿಷಯದಲ್ಲಿ ಮೇಲೆದ್ದು ಕಂಡದ್ದು ಹಗಲಿನ ಹಲ್ಲುಕಚ್ಚು. ತಪ್ಪು ಲೆಕ್ಕವನ್ನು ಹಿಂಬಾಲಿಸಿ, ಎಲ್ಲಿಯವರೆಗೆ ಅಂಕ ಕೊಡಬಹುದೆಂದು ಹುಡುಕುವಾಗಲೆಲ್ಲ ನಾನು ಹಲ್ಲು ಬಿಗಿಹಿಡಿಯುತ್ತೇನೆಂಬುದು ನನಗೆ ಗೊತ್ತೇ ಇರಲಿಲ್ಲ. ಕಷ್ಟವನ್ನು ಹಲ್ಲುಕಚ್ಚಿ ಸಹಿಸಬೇಕೆಂದು ನಮ್ಮ ಭಾಷೆ ಹೇಳುತ್ತದಲ್ಲ, ನನ್ನ ದವಡೆ ಅದನ್ನು ಅಕ್ಷರಶಃ ಪಾಲಿಸುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳ ಹೊಟ್ಟೆಯಲ್ಲಿ ಹುಳುವಿದೆ ಎನ್ನುವ ಮಾತು ನಮ್ಮ ಮನೆಯಲ್ಲೂ ಇತ್ತು, ಚಿಕ್ಕವಳಿದ್ದಾಗ ಅದಕ್ಕಾಗಿ ನನಗೆ ಮದ್ದೂ ಕುಡಿಸಿದ್ದರು, ಕಡಿತ ನಿಂತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಯುವಕನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವನೂ ದವಡೆ ಬಿಗಿದಿದೆ, ಬಾಯಿ ತೆರೆಯಲಾಗುತ್ತಿಲ್ಲ ಎಂದೇ ಬಂದಿದ್ದ. ಅವನ ಕೆನ್ನೆಯ ಒಳಭಾಗ ಬಿಳಿಚಿ, ಹಗ್ಗದಂಥ ಪಟ್ಟಿಗಳಾಗಿ ಗಟ್ಟಿಯಾಗಿತ್ತು. ವರ್ಷಗಳಿಂದ ಅಡಿಕೆ ಮತ್ತು ಗುಟ್ಕಾ ಜಗಿದುದರ ಫಲ. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ, ಅದು ಬಾಯಿ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಕೀಲಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಹೊರಗಿನ ಲಕ್ಷಣ ಒಂದೇ: ಬಾಯಿ ದಿನೇದಿನೇ ಕಿರಿದಾಗುತ್ತದೆ. ಕರ್ನಾಟಕ ಸರ್ಕಾರ 2013ರಲ್ಲೇ ಗುಟ್ಕಾವನ್ನು ನಿಷೇಧಿಸಿದ್ದರೂ ಅಡಿಕೆಯ ನಾಡಾದ ನಮ್ಮ ಕಡೆ ಜಗಿಯುವ ಚಟಕ್ಕೆ ಕೊರತೆಯಿಲ್ಲ. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಗೆ ಗಡಸುತನ, ಕಡಿಮೆಯಾಗುತ್ತಿರುವ ಬಾಯಿಯ ಅಳತೆ, ಇವು ಜೊತೆಗೂಡಿ ಕಂಡವರು ನೈಟ್ ಗಾರ್ಡ್ ಹುಡುಕುತ್ತ ಒಂದು ದಿನವನ್ನೂ ಕಳೆಯಬಾರದು.

ಇನ್ನು ಸ್ಪ್ಲಿಂಟಿನ ವಿಷಯ. ಅದನ್ನು ಬೇರೊಂದು ವಿಭಾಗದಲ್ಲಿ ಮಾಡುತ್ತಾರೆ. ಮೊದಲ ಭೇಟಿಯಲ್ಲಿ ಎರಡೂ ಹಲ್ಲುಸಾಲುಗಳ ಅಚ್ಚು ತೆಗೆದು, ಮೇಣದ ಹಾಳೆಯನ್ನು ಕಚ್ಚಿಸಿ ದವಡೆಗಳ ಹೊಂದಿಕೆಯನ್ನು ಗುರುತು ಮಾಡಿಕೊಂಡರು. ಎರಡು ವಾರದ ನಂತರ, ಜನವರಿಯಲ್ಲಿ, ಸ್ಪ್ಲಿಂಟ್ ಕೈಗೆ ಬಂತು. ತೊಡಿಸಿ ಕಳಿಸಿಬಿಡುತ್ತಾರೆಂದು ನಾನು ಎಣಿಸಿದ್ದೆ, ಆದರೆ ಅಂದಿನ ಕೆಲಸವೇ ಒಂದು ಗಂಟೆಗೂ ಮೀರಿತು. ನೀಲಿ ಬಣ್ಣದ ತೆಳು ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುವುದು, ಗುರುತು ದಟ್ಟವಾಗಿ ಮೂಡಿದ ಕಡೆ ಸ್ವಲ್ಪ ತೇಯುವುದು, ಮತ್ತೆ ಕಚ್ಚಿಸುವುದು. ಕೆಳಗಿನ ಎಲ್ಲ ಹಲ್ಲುಗಳೂ ಒಂದೇ ಹೊತ್ತಿಗೆ ಸಮನಾಗಿ ತಾಗುವವರೆಗೆ, ಗದ್ದವನ್ನು ಅಕ್ಕಪಕ್ಕ ಸರಿಸಿದಾಗ ಹಿಂದಿನ ಹಲ್ಲುಗಳು ಬಿಡಿಸಿಕೊಳ್ಳುವವರೆಗೆ ಅದನ್ನೇ ಮಾಡಿದರು. ಎರಡು ವಾರ ಬಿಟ್ಟು ಒಮ್ಮೆ, ಆರು ವಾರಕ್ಕೆ ಮತ್ತೊಮ್ಮೆ ಕರೆದು ಇದೇ ಕೆಲಸ ನಡೆಯಿತು, ಏಕೆಂದರೆ ಸ್ನಾಯುಗಳು ಸಡಿಲಗೊಂಡಂತೆ ದವಡೆ ಕೂರುವ ಜಾಗವೂ ಕೊಂಚ ಬದಲಾಗುತ್ತದೆ. ಸಾಧನಕ್ಕೆ 2,400 ರೂಪಾಯಿ ಆಯಿತು, ತಪಾಸಣೆ ಮತ್ತು ಎಕ್ಸ್-ರೇ ಸೇರಿದರೆ ಒಟ್ಟು 3,000ದ ಒಳಗೆ. ಹೊರಗಿನ ಒಂದು ಕಡೆ ಇದೇ ಕೆಲಸಕ್ಕೆ ನನಗೆ ಹೇಳಿದ್ದ ದರ 9,000.

ಮೊದಲ ವಾರ ಬಾಯಲ್ಲಿ ನೀರೂರಿ ದಿಂಬು ಒದ್ದೆಯಾಗುತ್ತಿತ್ತು, ಸ್ಪ್ಲಿಂಟ್ ತೊಟ್ಟು ಮಾತಾಡಿದರೆ ಸಕಾರಗಳೆಲ್ಲ ತೊದಲುತ್ತಿದ್ದವು. ಬೆಳಿಗ್ಗೆ ತೆಗೆದ ಮೇಲೆ ಹತ್ತು ನಿಮಿಷ ಹಲ್ಲುಗಳು ಸರಿಯಾಗಿ ಕೂರುತ್ತಿಲ್ಲವೆನ್ನಿಸುವುದು ಈಗಲೂ ಇದೆ. ಆ ಭಾವನೆ ಹಗಲಿಡೀ ಉಳಿದರೆ ಕೂಡಲೇ ಬಂದು ತೋರಿಸಬೇಕೆಂದು ಎಚ್ಚರಿಸಿದ್ದಾರೆ. ತಣ್ಣೀರಿನಲ್ಲಿ ಮೆದು ಬ್ರಶ್ಶಿನಿಂದ ತೊಳೆಯುತ್ತೇನೆ, ಬಿಸಿನೀರು ತಾಗಿಸುವುದಿಲ್ಲ, ತಾಗಿಸಿದರೆ ಸೊಟ್ಟಗಾಗುತ್ತದೆ. ಮೂರನೆಯ ವಾರದ ಹೊತ್ತಿಗೆ ಬೆಳಗಿನ ಕೆನ್ನೆಬಿಗಿತ ಅರ್ಧಕ್ಕಿಳಿದಿತ್ತು. ಹದಿನಾಲ್ಕು ತಿಂಗಳಲ್ಲಿ ಅದರ ಮೇಲೆ ಎಡಗಡೆ ಮಸೆದ ಹೊಳಪಿನ ಎರಡು ಗೆರೆಗಳು ಬಿದ್ದಿವೆ. ಎಂದರೆ ರಾತ್ರಿ ಹಲ್ಲು ಮಸೆಯುವುದು ನಿಂತಿಲ್ಲ, ಸವೆಯುತ್ತಿರುವುದು ಮಾತ್ರ ನನ್ನ ಹಲ್ಲಿನ ಬದಲು ಅಕ್ರಿಲಿಕ್. ಇದು ಕಾಯಿಲೆಯನ್ನು ಗುಣಪಡಿಸುವ ವಸ್ತುವಲ್ಲ ಎಂದು ಕೊಡುವಾಗಲೇ ಅವರು ಸ್ಪಷ್ಟವಾಗಿ ಹೇಳಿದ್ದರು.

ಆ ಮಾತಿಗೆ ಆಧಾರವೂ ಇದೆ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ದೀರ್ಘಕಾಲದ ದವಡೆ ಕೀಲುನೋವಿನ ಚಿಕಿತ್ಸಾ ಮಾರ್ಗಸೂಚಿಯು ಹೆಚ್ಚಿನ ಒತ್ತು ಕೊಟ್ಟಿರುವುದು ನೋವನ್ನು ನಿಭಾಯಿಸುವ ಮನೋಚಿಕಿತ್ಸೆ, ತಜ್ಞರು ಕೈಯಿಂದ ಮಾಡುವ ದವಡೆ ಮತ್ತು ಸ್ನಾಯುಗಳ ಚಿಕಿತ್ಸೆ, ಮೇಲ್ವಿಚಾರಣೆಯ ವ್ಯಾಯಾಮ ಇಂಥವುಗಳಿಗೆ. ಸ್ಪ್ಲಿಂಟನ್ನು ಅದು ಶಿಫಾರಸು ಮಾಡುವ ಸಾಲಿನಲ್ಲಿ ಇಟ್ಟಿಲ್ಲ. ಹಲ್ಲುಗಳ ಹೊಂದಿಕೆಯನ್ನು ಶಾಶ್ವತವಾಗಿ ಬದಲಿಸುವಂಥ ಸಾಧನಗಳು ಬೇಡವೆಂದು ಬಲವಾಗಿಯೇ ಹೇಳಿದೆ. ಹಾಗಿದ್ದೂ ನನಗೆ ಕೊಟ್ಟದ್ದೇಕೆ ಎಂದು ಪ್ರಾಧ್ಯಾಪಕರನ್ನು ನೇರವಾಗಿ ಕೇಳಿದೆ. ನಿಮ್ಮ ಹಲ್ಲುಗಳಲ್ಲಿ ಸವೆತದ ಗುರುತುಗಳಿವೆ, ಅವನ್ನು ಕಾಯುವುದಕ್ಕೆ ಇದು ಬೇಕು. ನೋವಿಗೆ ನೆರವಾದರೆ ಲಾಭ, ಬೇಡವೆನಿಸಿದ ದಿನ ತೆಗೆದಿಟ್ಟರೆ ಯಾವ ಹಾನಿಯೂ ಇಲ್ಲ ಎಂದರು. ಈ ಉತ್ತರ ನನಗೆ ಒಪ್ಪಿಗೆಯಾಯಿತು. ಹಲ್ಲು ಸವೆದಿರದ, ಬರಿಯ ಕೀಲುನೋವಿರುವವರು ಸ್ಪ್ಲಿಂಟಿಗೆ ಹಣ ಹೂಡುವ ಮೊದಲು ಇದೇ ಪ್ರಶ್ನೆಯನ್ನು ತಮ್ಮ ವೈದ್ಯರಿಗೂ ಕೇಳುವುದು ಒಳ್ಳೆಯದು.

ಅವರು ಕಲಿಸಿದ ಅಭ್ಯಾಸಗಳಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ತುಟಿಗಳು ಮುಚ್ಚಿರಬೇಕು, ಹಲ್ಲುಗಳು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಬೇಕು. ಇದು ದವಡೆಯ ವಿಶ್ರಾಂತಿಯ ಸ್ಥಿತಿ. ತಿನ್ನುವ, ನುಂಗುವ ಹೊತ್ತು ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬೇಕಾಗಿಯೇ ಇಲ್ಲ ಎಂಬುದನ್ನು ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕೇಳಿದೆ. ನೆನಪಿಗಾಗಿ ಕೆಂಪು ಪೆನ್ನಿನ ಮುಚ್ಚಳಕ್ಕೆ, ಕೈಗಡಿಯಾರದ ಪಟ್ಟಿಗೆ, ಅಡುಗೆಮನೆಯ ಡಬ್ಬಿಗೆ ಒಂದೊಂದು ಹಳದಿ ಚುಕ್ಕೆ ಅಂಟಿಸಿಕೊಳ್ಳಲು ಹೇಳಿದರು. ಚುಕ್ಕೆ ಕಂಡಾಗಲೆಲ್ಲ ಹಲ್ಲು ಬಿಗಿದಿದೆಯೇ ಎಂದು ನೋಡಿಕೊಂಡು ಸಡಿಲಿಸಬೇಕು. ಮೊದಲ ದಿನ ನೋಡಿಕೊಂಡ ಸಲವೆಲ್ಲ ಹಲ್ಲು ಬಿಗಿದೇ ಇತ್ತು. ಇದರ ಜೊತೆಗೆ ಒದ್ದೆ ಬಟ್ಟೆಯ ಬಿಸಿ ಶಾಖ ದಿನಕ್ಕೆ ಎರಡು ಹೊತ್ತು ಹದಿನೈದು ನಿಮಿಷ, ಮತ್ತು ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟುಕೊಂಡೇ ಬಾಯನ್ನು ನೇರವಾಗಿ ತೆರೆದು ಮುಚ್ಚುವುದೂ ಸೇರಿ ಆರು ಚಿಕ್ಕ ವ್ಯಾಯಾಮಗಳು, ಒಂದೊಂದನ್ನೂ ಆರು ಸಲ, ದಿನಕ್ಕೆ ಆರು ಹೊತ್ತು. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೋ ರೊಕಾಬಾಡೊ ರೂಪಿಸಿದ ಕ್ರಮವಂತೆ. ಕನ್ನಡದಲ್ಲಿ ಚಿತ್ರಸಹಿತ ಒಂದು ಹಾಳೆಯನ್ನೂ ಕೊಟ್ಟರು, ಅದು ಇಂದಿಗೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.

ಆಹಾರದ ಸಲಹೆಯೂ ನಮ್ಮ ಅಡುಗೆಮನೆಯನ್ನು ತಿಳಿದವರು ಕೊಟ್ಟಂತಿತ್ತು. ಚಕ್ಕುಲಿ, ಕೋಡುಬಳೆ, ಖಡಕ್ ರೊಟ್ಟಿ, ಹುರಿದ ಕಡಲೆ, ಕಬ್ಬು, ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿನ ಕೊಬ್ಬರಿ ಚೂರು, ಇವೆಲ್ಲ ಆರು ವಾರ ಬೇಡ. ಬಿಸಿ ಜೋಳದ ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ತಿನ್ನಬಹುದು. ಎಲ್ಲಕ್ಕಿಂತ ಒಳ್ಳೆಯದು ರಾಗಿಮುದ್ದೆ, ಏಕೆಂದರೆ ಅದು ಜಗಿಯುವುದಲ್ಲ, ನುಂಗುವುದು. ಸೇಬನ್ನು ಕಚ್ಚದೆ ಹೆಚ್ಚಿಕೊಂಡು ತಿನ್ನುವುದು, ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿಯಿಟ್ಟು ತಡೆಯುವುದು, ಬೋರಲು ಮಲಗದಿರುವುದು, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಳ್ಳದಿರುವುದು, ಇಷ್ಟನ್ನು ಈಗಲೂ ಪಾಲಿಸುತ್ತೇನೆ.

ಸೇವೆಯಲ್ಲಿ ಕೊರತೆಗಳಿವೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೂ ಮೊದಲ ದಿನ ಹೊರಬಿದ್ದದ್ದು ಎರಡೂವರೆಗೆ. ಸಂಜೆ ಮತ್ತು ಭಾನುವಾರ ವಿಭಾಗ ತೆರೆದಿರುವುದಿಲ್ಲವಾದ್ದರಿಂದ ಒಟ್ಟು ಐದು ಭೇಟಿಗಳಿಗೆ ಐದು ದಿನ ರಜೆ ಹಾಕಿದೆ. ದಿನಗೂಲಿಯವರಿಗೆ ಇದು ಸಣ್ಣ ನಷ್ಟವಲ್ಲ. ಮೂರನೆಯ ಭೇಟಿಯಲ್ಲಿ ವಿದ್ಯಾರ್ಥಿಗಳ ಪಾಳಿ ಬದಲಾಗಿ, ಹೊಸಬರಿಗೆ ನನ್ನ ಕಡತ ಸಿಗದೆ, ಇಡೀ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಇರುವ ಫಲಕಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ. ಹಳ್ಳಿಗಳಿಂದ ಬಂದ ವಯಸ್ಸಾದವರು ಕಾರಿಡಾರಿನಲ್ಲಿ ದಿಕ್ಕು ತೋಚದೆ ನಿಂತಿರುವುದನ್ನು ಪ್ರತಿ ಸಲವೂ ಕಂಡಿದ್ದೇನೆ. ವ್ಯಾಯಾಮದ ಹಾಳೆಯನ್ನು ಅಷ್ಟು ಚೆನ್ನಾದ ಕನ್ನಡದಲ್ಲಿ ಅಚ್ಚು ಹಾಕಿಸಿದ ಸಂಸ್ಥೆಗೆ ನಾಲ್ಕು ಫಲಕ ಬರೆಸುವುದು ಕಷ್ಟವಾಗಬಾರದು.

ಎಲ್ಲ ದವಡೆ ನೋವನ್ನೂ ಇಂಥ ವಿಭಾಗಕ್ಕೆ ಒಯ್ಯುವುದು ಸರಿಯಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದರೆ, ಅಥವಾ ಎದೆಬಿಗಿತ, ಉಸಿರಾಟದ ತೊಂದರೆ, ಬೆವರಿನೊಂದಿಗೆ ಬಂದರೆ ಅದು ಹೃದಯದ ನೋವಾಗಿರಬಹುದು, ತುರ್ತು ಚಿಕಿತ್ಸೆಗೇ ಹೋಗಬೇಕು. ಐವತ್ತು ದಾಟಿದವರಲ್ಲಿ ಜಗಿಯುವಾಗ ದವಡೆ ಸೋತು ನೋಯುವುದು, ತಲೆ ಬಾಚಿದರೆ ನೆತ್ತಿಯ ಚರ್ಮ ನೋಯುವುದು, ಕಣ್ಣು ಮಂಜಾಗುವುದು ಇವು ಒಟ್ಟಿಗೆ ಕಂಡರೆ ಕಣತಲೆಯ ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ದೃಷ್ಟಿಯೇ ಹೋಗಬಹುದಾದ ಕಾಯಿಲೆ ಅದು. ಮುಖಕ್ಕೆ ಗಾಳಿ ಸೋಕಿದರೂ ಕರೆಂಟು ಹೊಡೆದಂತೆ ಕ್ಷಣಕಾಲ ಬರುವ ನೋವು ನರದ್ದು, ಅದರ ಚಿಕಿತ್ಸೆ ಪೂರ್ತಿ ಬೇರೆ. ಜ್ವರ, ಊತ, ಬುದ್ಧಿಹಲ್ಲಿನ ಸುತ್ತ ಕೀವು ಇದ್ದರೆ ಸೋಂಕನ್ನು ಮೊದಲು ನೋಡಬೇಕು.

ಕಳೆದ ಏಪ್ರಿಲ್‌ನ ಮೌಲ್ಯಮಾಪನದ ಹೊತ್ತಿಗೆ ನನ್ನ ಬಾಯಿ ನೋವಿಲ್ಲದೆ 43 ಮಿಲಿಮೀಟರ್ ತೆರೆಯುತ್ತಿತ್ತು. ಕಟಕ್ ಸದ್ದು ಈಗಲೂ ಇದೆ, ದವಡೆ ಮತ್ತೆ ಸಿಕ್ಕಿಕೊಂಡಿಲ್ಲ. ತಿಂಗಳಿಗೆ ನಾಲ್ಕೈದು ದಿನ ಕಣತಲೆ ನೋಯುತ್ತದೆ, ಮಾತ್ರೆ ಬೇಕಾಗುವಷ್ಟಲ್ಲ. ಅಲ್ಲಿಗೆ ಹೋಗುವವರು ಹಳೆಯ ಎಕ್ಸ್-ರೇಗಳನ್ನು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಗಳನ್ನು, ಯಾವ ಹೊತ್ತಿಗೆ ಯಾವ ಕೆಲಸದಲ್ಲಿ ನೋವು ಹೆಚ್ಚಿತೆಂದು ಒಂದು ವಾರ ಬರೆದಿಟ್ಟ ಹಾಳೆಯನ್ನು ಒಯ್ಯಲಿ, ಮತ್ತು ಸೋಮವಾರ ಬಿಟ್ಟು ಬೇರೆ ದಿನ ಎಂಟೂವರೆಗೇ ಹೋಗಿ ಚೀಟಿ ಮಾಡಿಸಲಿ. ಇನ್ನೊಂದು ತಿಂಗಳಿಗೆ ಮತ್ತೆ ಉತ್ತರ ಪತ್ರಿಕೆಗಳು ಬರಲಿವೆ. ಪೆನ್ನಿನ ಮುಚ್ಚಳದ ಹಳದಿ ಚುಕ್ಕೆ ಮಾಸಿದ್ದರಿಂದ ನಿನ್ನೆ ಹೊಸದೊಂದನ್ನು ಅಂಟಿಸಿದ್ದೇನೆ.